ಅರಿವಿ ಒಗೆಯುವ ಯಂತ್ರ ಕೊಳ್ಳುವ ಮುನ್ನ



ಇಂದಿನ ನನ್ನ ಮಾತು ವಾಷಿಂಗ್ ಮಷಿನ್ ಕುರಿತು. ಇದು ಪೇಟೆಯವರ ವಿಷಯ, ನಮಗೇಕೆ ಎಂದು ರೇಡಿಯೋ ಬಂದ್ ಮಾಡಬೇಡಿ. ದ್ರಾಕ್ಷಿ ಮಾರಿದ ರೊಕ್ಕ ಬಂದಾಗ, ದೀಪಾವಳಿಯಲ್ಲಿ, ಮಗಳ ಮದುವೆಯಲ್ಲಿ ಈಗ ಹಳ್ಳಿಯ ಮನೆಗಳಿಗೂ ಈ ಯಂತ್ರ ಬರುತ್ತಿದೆ. ಬಂದದ್ದು ಒಳ್ಳೆಯದೇ. ಐದಾರು ಮಂದಿಯ ಅರಿವಿಯನ್ನು ಕಲ್ಲಿಗೆ ಬಡಿದು, ಹಿಂಡಿ, ಒಣಹಾಕುವ ಹೆಣ್ಣುಮಗಳ ಸೊಂಟ ಎಷ್ಟು ನೋಯುತ್ತದೆ ಎಂಬುದು ಒಗೆದವರಿಗೇ ಗೊತ್ತು. ಆದರೆ ಬಂದ ಯಂತ್ರ ಆರು ತಿಂಗಳೊಳಗೆ ಹಿಟ್ಟಿನ ಡಬ್ಬಿ ಇಡುವ ಕಟ್ಟೆಯಾಗಿ ನಿಂತಿರುವುದನ್ನೂ ನೀವು ನೋಡಿರಬಹುದು. ಬಹಳ ಸಲ ಅಲ್ಲಿ ಯಂತ್ರವೇನೂ ಕೆಟ್ಟದ್ದಿರುವುದಿಲ್ಲ. ಅದು ಆ ಮನೆಯ ನೀರಿಗೆ, ಆ ಊರಿನ ಕರೆಂಟಿಗೆ ಹೊಂದುವಂಥದ್ದಲ್ಲ, ಅಷ್ಟೇ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಬಚ್ಚಲುಮನೆಗೆ ಹೋಗಿ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ? ಮಾಳಿಗೆಯ ಮೇಲಿನ ಟಾಕಿಯಿಂದ ನಲ್ಲಿಗೋ, ಅಥವಾ ಬೋರಿನಿಂದ ಕೊಡ ಹೊತ್ತೋ? ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುತ್ತೀರೋ?

ಪೇಟೆಯಲ್ಲಿ ಮೂರು ಬಗೆಯ ಯಂತ್ರ ಸಿಗುತ್ತವೆ. ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್: ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಮೇಲಿನಿಂದ ಅರಿವಿ ಹಾಕುವ ಪೂರ್ತಿ ಆಟೊಮ್ಯಾಟಿಕ್. ಮತ್ತೆ, ಮುಂದೆ ಗಾಜಿನ ಬಾಗಿಲಿರುವ ಆಟೊಮ್ಯಾಟಿಕ್. ಕೊನೆಯ ಎರಡು ಯಂತ್ರಗಳು ನೀರನ್ನು ತಾವೇ ತುಂಬಿಕೊಳ್ಳುತ್ತವೆ. ಅದಕ್ಕೆ ನಲ್ಲಿಯಲ್ಲಿ ಒತ್ತಡ ಬೇಕು. ಟಾಕಿ ನಲ್ಲಿಗಿಂತ 10 ಅಡಿ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್ ಮಾತ್ರ. ಅನೇಕ ಯಂತ್ರಗಳಿಗೆ ಅದು ಕನಿಷ್ಠ ಮಟ್ಟ. ಟಾಕಿ ಅದಕ್ಕಿಂತ ತಗ್ಗಿನಲ್ಲಿದ್ದರೆ ಯಂತ್ರ ನೀರಿಗಾಗಿ ಕಾಯುತ್ತಲೇ ನಿಲ್ಲುತ್ತದೆ, ಇಲ್ಲವೆ ತಪ್ಪು ತೋರಿಸಿ ಬಂದ್ ಆಗುತ್ತದೆ. ಕಡಿಮೆ ಒತ್ತಡದಲ್ಲೂ ತುಂಬುವ ಮಾದರಿಗಳು ಇವೆ, ಅವಕ್ಕೆ ಬೆಲೆ ಹೆಚ್ಚು. ಸೆಮಿ ಆಟೊಮ್ಯಾಟಿಕ್‌ಗೆ ಈ ಗೊಡವೆಯಿಲ್ಲ. ಬಕೆಟ್ಟಿನಿಂದ ಸುರಿದರೂ ನಡೆಯುತ್ತದೆ.

ನೀರಿನ ಗುಣವೂ ನೋಡಬೇಕು. ನಮ್ಮ ಕಡೆಯ ಎಷ್ಟೋ ಬೋರಿನ ನೀರು ಗಡಸು, ಅಂದರೆ ಅದರಲ್ಲಿ ಸುಣ್ಣದಂಶ ಹೆಚ್ಚು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆದೀತು ಎಂದು ಭಾರತೀಯ ಮಾನಕದಲ್ಲಿದೆ. ಪರೀಕ್ಷೆಗೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಒಂದು ಬಾಟಲಿಯಲ್ಲಿ ನೀರು ಹಾಕಿ, ಸಾಬೂನಿನ ಚೂರು ಕರಗಿಸಿ ಕುಲುಕಿ ನೋಡಿ. ನೊರೆ ಬಾರದೆ ಮೊಸರಿನಂಥ ಗಸಿ ತೇಲಿದರೆ ನೀರು ಗಡಸೆಂದೇ ತಿಳಿಯಿರಿ. ಈ ನೀರು ಕಾದಾಗ ಸುಣ್ಣ ಹೀಟರಿಗೆ ಅಂಟುತ್ತದೆ; ನಿಮ್ಮ ನೀರು ಕಾಸುವ ಹಂಡೆಯ ತಳ ನೋಡಿದರೆ ಸಾಕು. ಗಾಜಿನ ಬಾಗಿಲಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಸುಮಾರು 2000 ವಾಟಿನ ಹೀಟರ್ ಇರುತ್ತದೆ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಸಾಮಾನ್ಯವಾಗಿ ಹೀಟರ್ ಇರುವುದೇ ಇಲ್ಲ. ಗಡಸು ನೀರಿಗೆ ಬಾರ್ ಸಾಬೂನಿಗಿಂತ ಪುಡಿ ಒಳ್ಳೆಯದು. ತೊಟ್ಟಿ ಮತ್ತು ಮೈ ಪ್ಲಾಸ್ಟಿಕ್ಕಿನದಿದ್ದರೆ ತುಕ್ಕಿನ ಭಯ ಕಡಿಮೆ.

ಇನ್ನು ಕರೆಂಟು. ಊರೆಲ್ಲ ಒಂದೇ ಸಲ ಪಂಪು ಚಾಲೂ ಮಾಡಿದಾಗ 230 ವೋಲ್ಟ್ ಇರಬೇಕಾದದ್ದು ಎಲ್ಲಿಗೆ ಇಳಿಯುತ್ತದೆ ಎಂಬುದು ನಿಮ್ಮ ಮನೆಯ ದೀಪವೇ ಹೇಳುತ್ತದೆ. ಆಗ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಹಾಗಾದ ಕೂಡಲೇ ಗುಂಡಿ ಆರಿಸಿ. ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಆಟೊಮ್ಯಾಟಿಕ್ ಯಂತ್ರದ ಬುದ್ಧಿಯೆಲ್ಲ ಒಂದು ಎಲೆಕ್ಟ್ರಾನಿಕ್ ಬೋರ್ಡಿನಲ್ಲಿರುತ್ತದೆ. ಅದು ಹೋದರೆ ಖರ್ಚು ಭಾರಿ, ಬದಲಿ ಬರಲು ವಾರಗಟ್ಟಲೆ ಕಾಯಬೇಕಾದೀತು. ಸೆಮಿ ಆಟೊಮ್ಯಾಟಿಕ್‌ನ ಸಾದಾ ಮಾದರಿಯಲ್ಲಿ ತಿರುಗಿಸುವ ಟೈಮರ್ ಇರುತ್ತದೆ. ಕರೆಂಟು ಹೋಗಿ ಬಂದರೆ ಮತ್ತೊಮ್ಮೆ ಅದರ ಕಿವಿ ತಿರುವಿದರಾಯಿತು. ಟೈಮರ್, ಬೆಲ್ಟ್, ಕೆಪಾಸಿಟರ್, ನೀರು ಬಿಡುವ ವಾಲ್ವ್: ಕೆಡುವುದು ಹೆಚ್ಚಾಗಿ ಇಷ್ಟೇ. ತಾಲ್ಲೂಕು ಊರಿನ ಮೆಕ್ಯಾನಿಕ್ಕೇ ಇವನ್ನು ಬದಲಿಸಿಕೊಡುತ್ತಾನೆ.

ಇಷ್ಟು ಕೇಳಿದ ಮೇಲೆ ನನ್ನ ಒಲವು ಯಾವ ಕಡೆಗೆಂದು ನಿಮಗೆ ತಿಳಿದಿರಬೇಕು. ನೀರಿನ ಒತ್ತಡ ಸಾಕಷ್ಟಿದ್ದು, ಕರೆಂಟು ಸ್ಥಿರವಾಗಿದ್ದು, ಒಗೆಯುವಾಗ ಹತ್ತಿರ ನಿಲ್ಲಲು ಯಾರೂ ಇಲ್ಲದ ಮನೆಗೆ ಆಟೊಮ್ಯಾಟಿಕ್ ಸರಿ. ಉಳಿದವರಿಗೆ ಎರಡು ತೊಟ್ಟಿಯದೇ ಸಾಕು. ಅದರಲ್ಲಿ ಕೈಕೆಲಸ ಉಳಿಯುತ್ತದೆ ನಿಜ, ಅರಿವಿಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿಹಾಕಬೇಕು. ಆದರೆ ಬಡಿಯುವ, ಹಿಂಡುವ ಕೆಲಸ ತಪ್ಪುತ್ತದೆ. ಮುಖ್ಯವಾಗಿ, ಒಂದೇ ಸಾಬೂನಿನ ನೀರಿನಲ್ಲಿ ಮೊದಲು ಬಿಳಿ ಧೋತರ, ಟೊಪ್ಪಿಗೆ. ನಂತರ ಬಣ್ಣದ ಅರಿವಿ. ಕೊನೆಗೆ ಎರೆಮಣ್ಣಿನ ಹೊಲದ ಅರಿವಿ ಒಗೆಯಬಹುದು. ಸಾಬೂನು ನೀರನ್ನು ಮೊದಲೊಮ್ಮೆ ಹಿಂಡಿ ತೆಗೆದು, ಆಮೇಲೆ ಜಾಲಾಡಿಸಿದರೆ ನೀರು ಇನ್ನೂ ಉಳಿಯುತ್ತದೆ. ಬರಗಾಲದ ಸೀಮೆಯವರಿಗೆ ಇದು ಸಣ್ಣ ಲಾಭವಲ್ಲ.

ಒಂದು ಎಚ್ಚರಿಕೆ. ದ್ರಾಕ್ಷಿ, ದಾಳಿಂಬೆ ತೋಟಕ್ಕೆ ಔಷಧ ಹೊಡೆದು ಬಂದವರ ಅರಿವಿಯನ್ನು ಈ ಸಾಲಿನಲ್ಲಿ ಸೇರಿಸಲೇಬೇಡಿ. ಅದನ್ನು ಬೇರೆಯಾಗಿಯೇ ಒಗೆಯಿರಿ, ಒಗೆದ ಮೇಲೆ ತೊಟ್ಟಿಯನ್ನು ಬರೀ ಸಾಬೂನು ನೀರು ಹಾಕಿ ಒಮ್ಮೆ ತಿರುಗಿಸಿ ಚೆಲ್ಲಿರಿ. ಕೂಸಿನ ಅರಿವಿಯೂ ಅದೇ ತೊಟ್ಟಿಗೆ ಬೀಳುತ್ತದಲ್ಲವೆ?

ಅಳತೆಯ ಮಾತು. ಪೆಟ್ಟಿಗೆಯ ಮೇಲಿನ 7 ಕಿಲೋ ಎಂಬುದು ಒಣ ಅರಿವಿಯ ತೂಕ. ಐದಾರು ಮಂದಿಯ ಮನೆಗೆ 7ರಿಂದ 8 ಕಿಲೋ ಸಾಕು. ಸೊಲ್ಲಾಪುರದ ಚಾದರ ಒಂದೊಂದಾಗಿ ಹಾಕಿ. ಕೌದಿ ಬೇಡವೇ ಬೇಡ. ನೀರು ಕುಡಿದು ಕಲ್ಲಾಗುತ್ತದೆ, ಹಿಂಡುವ ತೊಟ್ಟಿ ಓಲಾಡಿ ಮೋಟಾರಿಗೆ ಪೆಟ್ಟು. ಇಳಕಲ್ ಸೀರೆಯ ಸೆರಗು ಬಣ್ಣ ಬಿಡಬಹುದು, ಅದನ್ನು ಕೈಯಲ್ಲೇ ಒಗೆಯಿರಿ.

ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗದೆ ಯಂತ್ರಕ್ಕೆ ಕರೆಂಟು ಕೊಡಿಸಿ. ಹಿಂಡುವ ತೊಟ್ಟಿ ಜೋರಾಗಿ ತಿರುಗುವಾಗ ಅಂಗಡಿಯವರಿಂದ ಮುಚ್ಚಳ ತೆಗೆಸಿ. ಕೆಲವೇ ಸೆಕೆಂಡಿನಲ್ಲಿ ಅದು ನಿಲ್ಲಬೇಕು. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ತೊಟ್ಟಿಯದು, ಮಕ್ಕಳ ಕೈ ಹೋದೀತು. ಮೋಟಾರಿನ ವೈಂಡಿಂಗ್ ತಾಮ್ರದ್ದೋ ಅಲ್ಯುಮಿನಿಯಂದೋ ಕೇಳಿ, ತಾಮ್ರದ್ದು ಮೇಲು. ತಳಕ್ಕೆ ಇಲಿ ಹೋಗದಂತೆ ಜಾಳಿಗೆ ಇದೆಯೇ ಬಗ್ಗಿ ನೋಡಿ. ಜೋಳದ ಚೀಲ ಇರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ವೈರು ಕಡಿಯುತ್ತದೆ.

ಮನೆಗೆ ತಂದ ಮೇಲೆ ಬಲು ಮುಖ್ಯವಾದದ್ದು ಅರ್ಥಿಂಗ್. ಒದ್ದೆ ನೆಲ, ಬರಿಗಾಲು, ಕರೆಂಟಿನ ಯಂತ್ರ, ಈ ಮೂರೂ ಕೂಡುವ ಜಾಗ ಬಚ್ಚಲು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ಸಿಕ್ಕಿಸುವ ರೂಢಿ ಕೆಲವೆಡೆ ಇದೆ. ಅದು ಜೀವದ ಆಟ. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ. 30 ಮಿಲಿ ಆಂಪಿಯರಿನ, ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚೊಂದನ್ನು ಹಾಕಿಸಿ. ಸಾವಿರಾರು ರೂಪಾಯಿ ಯಂತ್ರಕ್ಕೆ ಕೊಟ್ಟವರು ಇದಕ್ಕೆ ಹಿಂದೆಮುಂದೆ ನೋಡಬಾರದು.

ಕೊನೆಯದಾಗಿ ಗಡಿಯವರಾದ ನಮ್ಮ ವಿಶೇಷ ತೊಡಕು. ಜತ್ತದವರು ವಿಜಯಪುರಕ್ಕೆ ಹೋಗಿ ಕೊಳ್ಳುತ್ತಾರೆ, ಅಕ್ಕಲಕೋಟೆಯವರು ಕಲಬುರಗಿಯಲ್ಲಿ ನೆಂಟರ ಕೈಯಿಂದ ತರಿಸುತ್ತಾರೆ. ಯಂತ್ರ ನಿಂತಾಗ ಅಲ್ಲಿಯವರು ಇದು ಮಹಾರಾಷ್ಟ್ರದ ಕೆಲಸವೆನ್ನುತ್ತಾರೆ, ಇಲ್ಲಿಯವರು ಕೊಂಡಲ್ಲಿಗೇ ಹೋಗಿ ಎನ್ನುತ್ತಾರೆ. ಹಾಗಾಗಿ ರೊಕ್ಕ ಕೊಡುವ ಮೊದಲೇ ನಿಮ್ಮ ಊರಿನ ಪಿನ್ ಕೋಡ್ ಹೇಳಿ, ರಿಪೇರಿಗೆ ಎಲ್ಲಿಂದ ಜನ ಬರುತ್ತಾರೆ ಎಂದು ಕೇಳಿ ಬರೆಸಿಕೊಳ್ಳಿ. ಮೋಟಾರಿಗೆ ಐದು ವರ್ಷ ಎಂದರೆ ಇಡೀ ಯಂತ್ರಕ್ಕೆ ಐದು ವರ್ಷವಲ್ಲ, ಅದನ್ನೂ ಓದಿಸಿ ತಿಳಿಯಿರಿ. ಕಾನೂನು ಈಗ ನಿಮ್ಮ ಕಡೆ ಇದೆ. 1986ರ ಹಳೆಯ ಕಾಯಿದೆಯಲ್ಲಿ ಸಾಮಾನ್ಯವಾಗಿ ಮಾರಿದವನ ಊರಿಗೇ ಹೋಗಿ ದೂರು ಕೊಡಬೇಕಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ಕೊಂಡವರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ವಿಜಯಪುರದಲ್ಲಿ ಕೊಂಡ ಜತ್ತದವರು ಸಾಂಗಲಿಯಲ್ಲೇ, ಕಲಬುರಗಿಯಲ್ಲಿ ಕೊಂಡ ಅಕ್ಕಲಕೋಟೆಯವರು ಸೊಲ್ಲಾಪುರದಲ್ಲೇ. ಅವಧಿ ಎರಡು ವರ್ಷ. ಅದಕ್ಕೂ ಮುಂಚೆ 1915 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕಂಪನಿಯೊಡನೆ ಮಾತಾಡಿ ನೋಡುತ್ತಾರೆ.

ಇದಕ್ಕೆಲ್ಲ ಪಕ್ಕಾ ಪಾವತಿ ಬೇಕು, ಅದೂ ಬಳಸುವವರ ಹೆಸರಿನಲ್ಲಿ. ಈಗಿನ ನುಣುಪು ಕಾಗದದ ಬಿಲ್ಲಿನ ಅಕ್ಷರ ಕಾಲಾನಂತರ ಅಳಿಸಿಹೋಗುತ್ತದೆ. ಅದೇ ದಿನ ಝೆರಾಕ್ಸ್ ಮಾಡಿಸಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.