ಮುಚ್ಚಿದ ಕಾಲೇಜಿನ ಹಾಜರಿ ಪುಸ್ತಕ

ಕಾಲೇಜು ಮುಚ್ಚಿದೆ ಎಂದರೆ ಏನು ಮುಚ್ಚಿದ ಹಾಗಾಯಿತು? ಬೇಸಿಗೆ ಬಂತೆಂದರೆ ವರ್ಷಕ್ಕೊಮ್ಮೆ ಮುಚ್ಚುತ್ತಲೇ ಬಂದಿರುವ ಸಂಸ್ಥೆ ಅದು. ಗಂಟೆ ಬಾರಿಸುವುದು ನಿಂತರೆ ಲೋಕವೇನೂ ಮುಳುಗುವುದಿಲ್ಲ. ಕೊರೋನಾ ಮಹಾಮಾರಿಯ ದೆಸೆಯಿಂದ ರಾಜ್ಯದ ಕಾಲೇಜುಗಳನ್ನೆಲ್ಲ ಒಂದು ವಾರದ ಮಟ್ಟಿಗೆ ಮುಚ್ಚಬೇಕೆಂದು 2020ನೆಯ ಇಸವಿ ಮಾರ್ಚ್ 13ರಂದು ಅಪ್ಪಣೆಯಾದಾಗ ನಾವು ಅಧ್ಯಾಪಕರು ಹಾಗೆಯೇ ತಿಳಿದೆವು. ಒಂದು ವಾರ ತಾನೆ! ಆ ವಾರ ಕಳೆದು ಹುಡುಗರು ಮತ್ತೆ ತರಗತಿಯೊಳಗೆ ಕಾಲಿಟ್ಟದ್ದು ನವೆಂಬರ್ 17ಕ್ಕೆ.

ನಾನಿದ್ದದ್ದು ಬಯಲುಸೀಮೆಯ ಒಂದು ತಾಲ್ಲೂಕು ಊರಿನ ಸರಕಾರಿ ಪದವಿ ಕಾಲೇಜಿನಲ್ಲಿ. ಪಕ್ಕದಲ್ಲೇ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯ. ಅಪ್ಪಣೆ ಬಂದ ಮರುದಿನ ಅವರು ಒಂದು ವಾರಕ್ಕೆ ಬೇಕಾದಷ್ಟೇ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದರು. ಟ್ರಂಕು, ಹಾಸಿಗೆ, ಪುಸ್ತಕ ಎಲ್ಲವೂ ನಿಲಯದಲ್ಲೇ ಉಳಿದವು. ಮೇ ತಿಂಗಳಿನಲ್ಲಿ, ಹೊರರಾಜ್ಯಗಳಿಂದ ಮರಳಿದವರನ್ನು ಕೆಲವು ದಿನ ಪ್ರತ್ಯೇಕವಾಗಿ ಇರಿಸಲು ಎಷ್ಟೋ ಊರುಗಳಲ್ಲಿ ಸರಕಾರಿ ವಿದ್ಯಾರ್ಥಿನಿಲಯಗಳನ್ನೇ ತೆಗೆದುಕೊಂಡರು. ನಮ್ಮೂರಿನದನ್ನೂ ಕೇಳಿದರು. ಇಲ್ಲವೆನ್ನುವುದು ಹೇಗೆ? ನಿಲಯದ ಅಡಿಗೆಯಾಕೆ ಒಂದೊಂದು ಟ್ರಂಕಿಗೂ ಹೆಸರಿನ ಚೀಟಿ ಕಟ್ಟಿದಳು. ಜವಾನನೂ ನಾನೂ ಅವನ್ನೆಲ್ಲ ಹೊತ್ತು ತಂದು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಪೇರಿಸಿದೆವು.

ಆ ದಿನಗಳಲ್ಲಿ ಎಲ್ಲಿ ನೋಡಿದರೂ ನ್ಯೂಟನ್ನನ ಕಥೆ. ನಿಮಗೂ ಯಾರಾದರೂ ಹೇಳಿರಬೇಕು. 1665ರಲ್ಲಿ ಪ್ಲೇಗು ಬಂದು ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದಾಗ ಆತ ವೂಲ್ಸ್‌ತೋರ್ಪಿನ ತಾಯಿಯ ಮನೆಗೆ ಹೋಗಿ, ಗಣಿತದಲ್ಲಿ, ಬೆಳಕಿನ ವಿಚಾರದಲ್ಲಿ ದೊಡ್ಡ ದೊಡ್ಡ ಶೋಧಗಳಿಗೆ ಬುನಾದಿ ಹಾಕಿದನಂತೆ. ನೀವೂ ರಜೆಯನ್ನು ಹಾಗೆ ಬಳಸಿಕೊಳ್ಳಿ ಎಂದು ಹುಡುಗರಿಗೆ ಬುದ್ಧಿವಾದ. ಹೇಳಿದವರಲ್ಲಿ ನಾನೂ ಒಬ್ಬ. ಆದರೆ ಆ ಕಥೆಯ ಇನ್ನೊಂದು ತುಣುಕು ನಮಗೆ ಬೇಕಾಗಿರಲಿಲ್ಲ. ರೋಗದ ದೆಸೆಯಿಂದ ಊರಿಗೆ ಹೋಗುವ ಅಧ್ಯಾಪಕರಿಗೂ ವಿದ್ಯಾರ್ಥಿವೇತನದವರಿಗೂ ಮುಂದಿನ ಒಂದು ತಿಂಗಳ ಊಟದ ವೆಚ್ಚವನ್ನು ಎಂದಿನ ದರದಲ್ಲೇ ಕೊಡತಕ್ಕದ್ದೆಂದು ನ್ಯೂಟನ್ನನ ಟ್ರಿನಿಟಿ ಕಾಲೇಜು ಆ ಆಗಸ್ಟಿನಲ್ಲಿ ನಿರ್ಣಯ ಮಾಡಿತ್ತು. ನಮ್ಮ ಹೆಣ್ಣುಮಕ್ಕಳ ಎರಡು ಹೊತ್ತಿನ ಊಟವಾದರೋ ನಿಲಯದ ಒಲೆಯ ಜೊತೆಗೇ ಆರಿಹೋಗಿತ್ತು.

ಇನ್ನು ಪಾಠ. ಅದು ಮೊಬೈಲಿನಲ್ಲಿ ನಡೆಯಿತು, ಅಥವಾ ನಡೆಯಿತೆಂದು ಬರೆದುಕೊಂಡೆವು. ಮನೆಗೊಂದು ಫೋನು, ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೂಲಿಗೆ ಹೊರಟುಬಿಡುತ್ತದೆ. ಸುಳ್ಯ ತಾಲ್ಲೂಕಿನಲ್ಲಿ ರಸ್ತೆಯ ಬದಿಗೆ ಕುಳಿತು ಪಾಠ ಕೇಳುತ್ತಿದ್ದ ಶಾಲೆಯ ಹುಡುಗಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು 2021ರ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ನೀವು ನೋಡಿದ್ದೀರಿ. ಸರಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿದ್ದೂ ಅದೇ ತಿಂಗಳು. ಒಳ್ಳೆಯ ಕೆಲಸವೇ; ಒಂದು ವರ್ಷ ತಡವಾಗಿ.

ನಮ್ಮ ಪ್ರಾಂಶುಪಾಲರು ಹೆಚ್ಚು ಮಾತಿನವರಲ್ಲ. ಜೂನ್ 2020ರಲ್ಲಿ ಒಂದು ದಿನ ನಮ್ಮನ್ನೆಲ್ಲ ಕರೆದು, ಹಾಜರಿ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, “ಒಬ್ಬೊಬ್ಬರು ನಲವತ್ತು ಮಕ್ಕಳನ್ನು ಹಂಚಿಕೊಳ್ಳಿ. ಭಾನುವಾರ ಸಂಜೆ ಫೋನು ಮಾಡಿ. ಪಾಠದ ಮಾತು ಬೇಡ. ಎಲ್ಲಿದ್ದಾರೆ, ಮನೆಯಲ್ಲಿ ಎಲ್ಲರೂ ಆರೋಗ್ಯವೇ, ಊಟಕ್ಕೇನು ಮಾಡುತ್ತಿದ್ದಾರೆ, ಇಷ್ಟು ಕೇಳಿ ಬರೆದಿಡಿ” ಎಂದರು. ಹಾಜರಿ ಪುಸ್ತಕಕ್ಕೆ ಹೀಗೂ ಒಂದು ಉಪಯೋಗವುಂಟೆಂದು ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಹೊಳೆದಿರಲಿಲ್ಲ. ನನ್ನ ಪಟ್ಟಿಯಲ್ಲಿ ಒಬ್ಬ ಇಟ್ಟಿಗೆ ಗೂಡಿನಲ್ಲಿದ್ದ. ಇನ್ನೊಬ್ಬ ಬೆಂಗಳೂರಿನಲ್ಲಿ ಮನೆಮನೆಗೆ ತರಕಾರಿ ಒಯ್ಯುತ್ತಿದ್ದ. ಒಬ್ಬಳ ಮನೆಯಲ್ಲಿ ಅಕ್ಕಿ ಮುಗಿದು ಮೂರು ದಿನವಾಗಿತ್ತು. ಅದನ್ನು ಕೇಳಿದ ದಿನವೇ ಕಳಿಸಿದೆವು.

ಈ ಫೋನುಗಳನ್ನು ಮಾಡಿದವರಲ್ಲಿ ಅರ್ಧದಷ್ಟು ಮಂದಿ ಅತಿಥಿ ಉಪನ್ಯಾಸಕರು. ಆಗ ಅವರಿಗೆ ತಿಂಗಳಿಗೆ 11,000 ಇಲ್ಲವೆ 13,000 ರೂಪಾಯಿ, ಹೆಚ್ಚಿದ್ದು 2022ರಲ್ಲಿ. ಆ ಹಣವೂ ತಿಂಗಳುಗಟ್ಟಲೆ ಬರಲಿಲ್ಲ. ಅವರಲ್ಲೊಬ್ಬರು ಹಗಲು ಉದ್ಯೋಗ ಖಾತ್ರಿಯ ಕೆಲಸದಲ್ಲಿ ಮಣ್ಣು ಹೊತ್ತು, ಸಂಜೆ ಕೈಕಾಲು ತೊಳೆದು ತಮ್ಮ ನಲವತ್ತು ಮಕ್ಕಳ ಕ್ಷೇಮ ವಿಚಾರಿಸುತ್ತಿದ್ದರು. ನನಗೆ ಮಾತ್ರ ಒಂದನೆಯ ತಾರೀಖಿಗೆ ಸಂಬಳ ಬರುತ್ತಿತ್ತು. ಖಾಯಂ ನೌಕರರು ಸೇರಿ ಒಂದಿಷ್ಟು ಹಣ ಕೂಡಿಸಿ ಕೊಟ್ಟೆವೆಂಬುದೇನೋ ಉಂಟು. ಅದನ್ನು ಹೇಳಿಕೊಳ್ಳಲು ಈಗಲೂ ಸಂಕೋಚ.

ನವೆಂಬರಿನಲ್ಲಿ ಬಾಗಿಲು ತೆರೆದಾಗ ಬರುವವರು ತಂದೆತಾಯಿಯ ಒಪ್ಪಿಗೆಯ ಪತ್ರವನ್ನೂ 72 ಗಂಟೆಯೊಳಗಿನ ಪರೀಕ್ಷೆಯ ವರದಿಯನ್ನೂ ತರಬೇಕಿತ್ತು. ಮೊದಲ ದಿನ ಹುಡುಗರಿಗಿಂತ ಮೇಷ್ಟರುಗಳೇ ಹೆಚ್ಚು. ರೋಗಕ್ಕಿಂತ ಮಿಗಿಲಾದ ಭಯ ಒಂದಿತ್ತು: ರೋಗವಿದೆಯೆಂದು ವರದಿ ಬಂದರೆ ಆಂಬುಲೆನ್ಸು ಊರೊಳಕ್ಕೆ ಬರುತ್ತದೆ, ನೆರೆಹೊರೆಯವರು ಮಾತು ಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಯವರನ್ನು ಕಾಲೇಜಿಗೇ ಕರೆಸಿದೆವು. ಎಲ್ಲರೆದುರು ಪ್ರಾಂಶುಪಾಲರು ಮೊದಲು ಮೂಗೊಡ್ಡಿದರು, ಎರಡನೆಯವನು ನಾನು. ಕಡ್ಡಿ ಮೂಗಿಗೆ ಹೋದದ್ದೇ ತಡ, ಕಿಟಕಿ ಅದುರುವಂತೆ ಸೀನಿದೆ. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಸಾಲು ಬೆಳೆಯಿತು.

ನಿಲಯ ತೆರೆದು ಟ್ರಂಕುಗಳೂ ಒಂದೊಂದಾಗಿ ಹೋದವು. ಕೊನೆಗೆ ಒಂದು ಉಳಿಯಿತು. ಚೀಟಿಯ ಮೇಲಿದ್ದ ಹೆಸರು ನನ್ನ ಪಟ್ಟಿಯದೇ. ಕೊನೆಯ ವರ್ಷದ ಹುಡುಗಿ. ಅವಳು ಕೊಟ್ಟಿದ್ದ ನಂಬರು ಪಕ್ಕದ ಮನೆಯ ಅಂಗಡಿಯದು. ಪ್ರತಿ ಭಾನುವಾರವೂ ಅಂಗಡಿಯವರು, “ಚೆನ್ನಾಗವ್ಳೆ ಸಾರ್” ಎನ್ನುತ್ತಿದ್ದರು. ಪ್ರತಿ ಭಾನುವಾರವೂ ನಾನು ‘ಕ್ಷೇಮ’ ಎಂದು ಬರೆಯುತ್ತಿದ್ದೆ. ಐದು ತಿಂಗಳು ಅವಳ ದನಿಯನ್ನು ನಾನು ಕೇಳಿಯೇ ಇರಲಿಲ್ಲ.

ಸ್ಕೂಟರಿನಲ್ಲಿ ಅವಳ ಹಳ್ಳಿಗೆ ಹೋದೆ. ಮನೆಮಂದಿಯೆಲ್ಲ ಕಡಲೆಕಾಯಿ ಬಿಡಿಸುತ್ತ ಕುಳಿತಿದ್ದರು. ಅವಳು ಎದ್ದು ನಿಂತಳು, ಮಾತಾಡಲಿಲ್ಲ. ಕಾರ್ತೀಕದಲ್ಲೇ ಮದುವೆ ಗೊತ್ತಾಗಿತ್ತು. “ಕಾಲೇಜು ಯಾವಾಗ ತೆಗೀತೀರೋ ಏನೋ ಅಂತ ಒಪ್ಕೊಂಡ್ವಿ ಸಾರ್. ಒಳ್ಳೇ ಸಂಬಂಧ” ಎಂದರು ತಾಯಿ. ನಾನು ಏನು ಹೇಳಲಿ? ಮದುವೆಯಾದ ಮೇಲೂ ಓದಬಹುದು, ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿಕೊಡಿ ಎಂದೆ. ಗಂಡಿನ ಕಡೆಯವರನ್ನು ಕೇಳಿ ಹೇಳುತ್ತೇವೆಂದರು. ಒಂದು ಸೇರು ಕಡಲೆಕಾಯಿ ಕೊಟ್ಟು ಕಳಿಸಿದರು.

2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು ಕಾಲೇಜು ಮತ್ತೆ ಮುಚ್ಚಿತು. ಜುಲೈ 26ಕ್ಕೆ, ಒಂದು ಸಲವಾದರೂ ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಬಾಗಿಲು ತೆರೆಯಿತು. ಆ ವಾರದಲ್ಲೊಂದು ಮಧ್ಯಾಹ್ನ ಪ್ರಯೋಗಶಾಲೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಕೊರಳಲ್ಲಿ ತಾಳಿ, ಕೈಯಲ್ಲಿ ಲಸಿಕೆಯ ಚೀಟಿ. ಟ್ರಂಕಿನ ಬೀಗದ ಕೈ ಕಳೆದುಹೋಗಿತ್ತು. ಜವಾನ ಕಲ್ಲಿನಿಂದ ಬೀಗ ಒಡೆದ. ಗೆದ್ದಲು ಟಿಪ್ಪಣಿ ಪುಸ್ತಕಗಳ ಅಂಚನ್ನು ತಿಂದಿತ್ತು, ಅಕ್ಷರ ಉಳಿದಿದ್ದವು. ಅವಳು ಹಾಳೆಗಳ ಧೂಳು ಕೊಡವುತ್ತ, “ಪರೀಕ್ಷೆ ಯಾವತ್ತು ಸಾರ್?” ಎಂದು ಕೇಳಿದಳು.