ನನ್ನ ಬೀಗಿತ್ತಿಯ ಭಾಷೆ

ಈ ವಯಸ್ಸಿನಲ್ಲಿ ಸ್ಪ್ಯಾನಿಷ್ ಹೇಗೆ ಕಲಿತೆ ಎಂದು ಹೇಳಬೇಕಂತೆ. ಯಾಕೆ ಕಲಿತೆ ಎಂಬುದನ್ನೇ ಮೊದಲು ಹೇಳುತ್ತೇನೆ.

ನನ್ನ ಮಗ ಮದುವೆಯಾದದ್ದು ಮ್ಯಾಡ್ರಿಡ್‌ನ ಹುಡುಗಿಯನ್ನು. ಸೊಸೆಗೆ ಇಂಗ್ಲಿಷ್ ಬರುತ್ತದೆ, ಅವಳ ತಾಯಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದು. ಮೂರು ವರ್ಷ ನಾವಿಬ್ಬರೂ ವಿಡಿಯೊ ಕರೆಯಲ್ಲಿ ಕೈಬೀಸಿ ನಗುತ್ತಿದ್ದೆವು, ಅಷ್ಟೇ. ಒಂದು ದಿನ ಅವರ ಗಂಡ ತೀರಿಕೊಂಡರು. ಕರೆ ಮಾಡಿದೆ. ಆಕೆ ಅಳುತ್ತಾ ಏನೇನೋ ಹೇಳುತ್ತಲೇ ಇದ್ದರು. ನನ್ನ ಬಳಿ ಇದ್ದದ್ದು ಮಗ ವಾಟ್ಸಾಪಿನಲ್ಲಿ ಕಳಿಸಿದ ಎರಡೇ ಪದ, ‘ಲೋ ಸಿಯೆಂತೊ’. ಅದನ್ನೇ ನಾಲ್ಕು ಸಲ ಹೇಳಿದೆ. ನಮ್ಮೂರಲ್ಲಾದರೆ ಸಾವಿನ ಮನೆಗೆ ಹೋಗಿ ಸುಮ್ಮನೆ ಪಕ್ಕದಲ್ಲಿ ಕೂತರೂ ಸಾಕು. ಫೋನಿನಲ್ಲಿ ಹಾಗೆ ಕೂರಲು ಆಗುವುದಿಲ್ಲ.

ಮರುವಾರವೇ ಆನ್‌ಲೈನ್ ತರಗತಿ ಸೇರಿದೆ. ಪಾಠ ಇಂಗ್ಲಿಷಿನಲ್ಲಿ, ಜೊತೆಗಿದ್ದವರು ನನ್ನ ಮಗನಿಗಿಂತ ಚಿಕ್ಕವರು. ಕಾರ್ಕಳದ ಕನ್ನಡ ಶಾಲೆಯಲ್ಲಿ ಓದಿದ ನಾನು ಎರಡು ತಿಂಗಳು ಬಾಯಿಯೇ ಬಿಡಲಿಲ್ಲ. ಆಗ 1989ರ ನೆನಪಾಯಿತು. ಮದುವೆಯಾಗಿ ವಿಕ್ರೋಳಿಗೆ ಬಂದ ಹೊಸತು, ಟಾಗೋರ್ ನಗರದ ನಳ್ಳಿಯ ಸಾಲಿನಲ್ಲಿ ನಿಂತು ಮರಾಠಿ ಕಲಿತೆ. ವ್ಯಾಕರಣ ಯಾರು ಹೇಳಿಕೊಟ್ಟಿದ್ದರು? ತಪ್ಪಿದರೆ ನಗುತ್ತಿದ್ದರು, ಆದರೆ ಕೊಡಪಾನ ತುಂಬುತ್ತಿತ್ತು.

ಅಂದಿನಿಂದ ಇಂಗ್ಲಿಷ್ ಬದಿಗಿಟ್ಟು ಕನ್ನಡದಲ್ಲೇ ಟಿಪ್ಪಣಿ ಬರೆಯತೊಡಗಿದೆ. ‘ಮೆ ಗುಸ್ತಾ’ ಎಂದರೆ ‘ನನಗೆ ಇಷ್ಟ’. ತರಗತಿಯ ಹುಡುಗರು ಇಲ್ಲಿ ‘ನಾನು’ ಎಲ್ಲಿ ಹೋಯಿತೆಂದು ತಡಕಾಡುತ್ತಿದ್ದರು, ನಮಗೆ ‘ನನಗೆ’ ಹುಟ್ಟಿನಿಂದಲೇ ಗೊತ್ತು. ‘ಬಂದೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ, ಅಲ್ಲೂ ಹಾಗೆಯೇ. ‘ತು’ ನೀನು, ‘ಉಸ್ತೆದ್’ ನೀವು. ಮೇಜಿಗೆ ‘ಮೆಸಾ’. ನಮ್ಮ ಮೇಜು ಪೋರ್ಚುಗೀಸರಿಂದ ಬಂದದ್ದು, ಆ ಎರಡು ಭಾಷೆಗಳು ಅಕ್ಕತಂಗಿಯರಿದ್ದಂತೆ. ವಡಾಪಾವಿನ ಪಾವ್ ಕೂಡ ಅವರದೇ, ಸ್ಪ್ಯಾನಿಷಿನಲ್ಲಿ ‘ಪಾನ್’. ಎಲ್ಲಕ್ಕಿಂತ ಖುಷಿ ಕೊಟ್ಟ ಪದ ‘ಕೊನ್ಸ್ವೆಗ್ರಾ’, ಬೀಗಿತ್ತಿ! ಇಂಗ್ಲಿಷಿನವರು ಈ ಸಂಬಂಧಕ್ಕೆ ಒಂದು ಸರಿಯಾದ ಹೆಸರನ್ನೂ ಇಟ್ಟಿಲ್ಲ ನೋಡಿ.

ಕಷ್ಟವಿಲ್ಲವೆಂದಲ್ಲ. ‘ಇರು’ವುದಕ್ಕೆ ಅಲ್ಲಿ ಎರಡು ಕ್ರಿಯಾಪದ: ಸ್ವಭಾವ ಹೇಳಲು ‘ಸೆರ್’, ಸದ್ಯದ ಸ್ಥಿತಿಗೆ ‘ಎಸ್ತಾರ್’. ಆರು ತಿಂಗಳಾದ ಮೇಲೆ ನಾನೇ ಧೈರ್ಯಮಾಡಿ ಕರೆದೆ. ಒಬ್ಬಳೇ ಇದ್ದು ಬೇಸರವಾಗಿದೆಯೇ ಎಂದು ಕೇಳಲು ‘ಎಸ್ತಾಸ್ ಅಬುರ್ರಿದಾ’ ಎನ್ನಬೇಕಿತ್ತು. ‘ಎರೆಸ್ ಅಬುರ್ರಿದಾ’ ಎಂದುಬಿಟ್ಟೆ. ಅಂದರೆ, ನೀನು ಬೋರು ಹೊಡೆಸುವ ಹೆಂಗಸೇ? ಆ ಕಡೆ ಮೌನ. ಆಮೇಲೆ ನಗು, ನಿಲ್ಲುವಂತೆಯೇ ಇಲ್ಲ. ‘ಹೌದು, ನನ್ನ ಗಂಡನೂ ಹಾಗೇ ಹೇಳುತ್ತಿದ್ದರು’ ಎಂದರು. ಅದು ನನಗೆ ಅರ್ಥವಾಯಿತು! ಆವತ್ತು ಗಂಡನ ಬಗ್ಗೆ ಒಂದು ಗಂಟೆ ಮಾತಾಡಿದರು. ಅರ್ಧ ತಿಳಿಯಿತು, ತಿಳಿಯದ್ದನ್ನು ತಿರುಗಿ ಕೇಳಿದೆ.

ಈಗ ಎರಡೂವರೆ ವರ್ಷವಾಯಿತು. ‘ದೆಲೆ’ ಪರೀಕ್ಷೆ ಬರಿ, ಎ1ರಿಂದ ಸಿ2ವರೆಗೆ ಆರು ಹಂತವಿದೆ ಎನ್ನುತ್ತಾನೆ ಮಗ. ನೋಡೋಣ. ನನ್ನ ಪರೀಕ್ಷೆ ವಾರಕ್ಕೆ ಮೂರು ದಿನ ರಾತ್ರಿ 9.30ಕ್ಕೆ, ಚಳಿಗಾಲದಲ್ಲಿ ಅಲ್ಲಿ ಆಗ ಸಂಜೆ 5. ಮೊನ್ನೆ ಮೊಮ್ಮಗುವಿಗೆ ಎಣ್ಣೆಸ್ನಾನ ಬೇಕೇ ಬೇಡವೇ ಎಂದು ನಮಗಿಬ್ಬರಿಗೂ ಜೋರು ಜಗಳ. ಒಂದು ಪದವನ್ನೂ ಹುಡುಕದೆ ಜಗಳವಾಡಿದ್ದೇನೆಂದು ನನಗೆ ಹೊಳೆದದ್ದು ಮಲಗುವಾಗ.

ಬೀಗಿತ್ತಿ ಬರುವ ಡಿಸೆಂಬರಿನಲ್ಲಿ ವಿಕ್ರೋಳಿಗೆ ಬರುವವರಿದ್ದಾರೆ. ಕನ್ನಡ ಹೇಳಿಕೊಡು ಎಂದು ಗಂಟುಬಿದ್ದಿದ್ದಾರೆ. ಸ್ಪ್ಯಾನಿಷಿನಲ್ಲಿ ಎಚ್ ಅಕ್ಷರಕ್ಕೆ ಸದ್ದಿಲ್ಲ, ‘ಳ’ ಅಂತೂ ಇಲ್ಲವೇ ಇಲ್ಲ. ಬಾಳೆಹಣ್ಣು ಅವರ ಬಾಯಲ್ಲಿ ‘ಬಾಲೆಅನ್ನು’. ಈಗ ನಗುವ ಸರದಿ ನನ್ನದು. ಇವತ್ತು ‘ಹೋಳಿಗೆ’ಯ ಪಾಠ ಇಟ್ಟುಕೊಂಡಿದ್ದೇವೆ, ಒಂಬತ್ತೂವರೆಯೊಳಗೆ ಮನೆ ಸೇರಬೇಕು.