ಮನೆಯ ಸಾಲ: ತಿಳಿದು ರುಜು ಹಾಕಿರಿ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದವರು ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಸೀಮೆಯಲ್ಲಿ ಇರಲಾರರು. ಗಡಿಯಲ್ಲಿ ಬಾಳುವ ನಮಗೆ ಮನೆ ಕಟ್ಟುವುದರಲ್ಲಿ ಇನ್ನೊಂದು ತೊಡಕೂ ಉಂಟು. ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು, ಬ್ಯಾಂಕಿನ ಕಾಗದ ಬಹುಮಟ್ಟಿಗೆ ಇಂಗ್ಲಿಷು. ಈ ಮೂರರ ನಡುವೆ ಬಡವನ ಹೆಬ್ಬೆಟ್ಟು ಯಾವುದಕ್ಕೆ ಒತ್ತಲ್ಪಡುತ್ತದೆಯೋ ಅವನಿಗೇ ತಿಳಿಯದು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಬಂದಿದ್ದೇನೆ.

ಹಳ್ಳಿಗರ ಮನೆಗೆ ಸರ್ಕಾರ ನೆರವಾಗುವುದು ಹೊಸತಲ್ಲ. 1957ರಲ್ಲಿಯೇ ಭಾರತ ಸರ್ಕಾರವು ಗ್ರಾಮವಸತಿ ಯೋಜನೆಯನ್ನು ಹೂಡಿ ಮನೆ ಕಟ್ಟುವವರಿಗೆ ಸಾಲ ಕೊಡಿಸಿತು. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂದಿತು. 2016ರಲ್ಲಿ ಅದರ ಸ್ಥಾನದಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ನಿಂತಿತು. ಇದರಲ್ಲಿ ಬಯಲು ಸೀಮೆಯ ಒಂದು ಮನೆಗೆ 1,20,000 ರೂಪಾಯಿಗಳ ನೆರವನ್ನು ಗೊತ್ತುಮಾಡಿದರು. ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ತಮಿಳುನಾಡು ಸರ್ಕಾರವು 2024ರಲ್ಲಿ ಸಾರಿದ ಕಲೈಞರ್ ಕನವು ಇಲ್ಲಂ ಯೋಜನೆಯಲ್ಲಿ ಒಂದು ಮನೆಗೆ 3,50,000 ರೂಪಾಯಿಗಳನ್ನು ನಿಗದಿಪಡಿಸಿತು.

ಇಲ್ಲಿ ಮೊದಲು ಮನಗಾಣಬೇಕಾದ ಭೇದವೊಂದಿದೆ. ಮೇಲೆ ಹೇಳಿದ ಈಗಿನ ಹಣವು ಸಹಾಯಧನವೇ ಹೊರತು ಸಾಲವಲ್ಲ, ಅದನ್ನು ತೀರಿಸಬೇಕಾಗಿಲ್ಲ. ಕೆಲಸ ಮುಂದುವರಿದಂತೆ ಅದು ಕಂತುಕಂತಾಗಿ ಫಲಾನುಭವಿಯ ಖಾತೆಗೇ ಬರುತ್ತದೆ. ಅದನ್ನು ಕೊಡಿಸುತ್ತೇನೆಂದು ಯಾರಾದರೂ ಕೈಚಾಚಿದರೆ, ಆತನಿಗೆ ಬಿಡಿಗಾಸನ್ನೂ ಕೊಡಬೇಡಿರಿ. ಯಾರಿಗೆ ಮನೆ ಸಲ್ಲಬೇಕೆಂಬ ಪಟ್ಟಿಯು ಗ್ರಾಮಸಭೆಯ ಮುಂದೆ ಬರಬೇಕು. ಆ ದಿನ ಹೊಲದ ಕೆಲಸವನ್ನು ಬದಿಗಿಟ್ಟು ಸಭೆಗೆ ಹೋಗಿರಿ, ಹೆಂಗಸರನ್ನೂ ಕರೆದೊಯ್ಯಿರಿ.

ಸಹಾಯಧನ ಸಾಲದೆ ಹೋದಾಗ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಗುತ್ತದೆ. ಕೇಂದ್ರದ ಯೋಜನೆಯ ಫಲಾನುಭವಿಗೆ ಇಚ್ಛೆಯಿದ್ದರೆ 70,000 ರೂಪಾಯಿಗಳವರೆಗೆ ಸಾಲ ದೊರಕಿಸಲು ಅನುಕೂಲ ಮಾಡಿಕೊಡಬೇಕೆಂದು ಅದರ ನಿಯಮಗಳಲ್ಲಿಯೇ ಇದೆ. ಅದಕ್ಕಿಂತ ಹೆಚ್ಚು ಸಾಲ ಮಾಡುವವರು ಈ ಲೆಕ್ಕವನ್ನು ನೋಡಿರಿ. ಎರಡು ಲಕ್ಷ ರೂಪಾಯಿಗಳನ್ನು ನೂರಕ್ಕೆ 9ರ ವಾರ್ಷಿಕ ಬಡ್ಡಿಗೆ ತಂದರೆ, ಹತ್ತು ವರ್ಷಗಳ ಅವಧಿಗೆ ತಿಂಗಳಿಗೆ ಸುಮಾರು 2,534 ರೂಪಾಯಿ ಕಟ್ಟಬೇಕು. ಒಟ್ಟು ತೆರುವುದು ಸುಮಾರು 3,04,000. ಅದನ್ನೇ ಇಪ್ಪತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 1,800ಕ್ಕೆ ಇಳಿಯುತ್ತದೆ; ಆದರೆ ಒಟ್ಟು ತೆರುವುದು ಸುಮಾರು 4,32,000. ಕಂತು ಚಿಕ್ಕದೆಂದು ಹಿಗ್ಗಬಾರದು.

ಇನ್ನು ಭಾಷೆಯ ಮಾತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಆದೇಶದಂತೆ, ಸಾಲ ಕೊಡುವವರು ಬಡ್ಡಿ, ಶುಲ್ಕ, ಕಂತು ಮೊದಲಾದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟು, ಅದನ್ನು ವಿವರಿಸಿ ಹೇಳಬೇಕು. ಕನ್ನಡವೊಂದನ್ನೇ ಬಲ್ಲವರು ಕನ್ನಡದಲ್ಲಿ ಕೇಳುವುದು ನ್ಯಾಯವಾದುದೇ ಸರಿ. ಕುಂದುಕೊರತೆಗಳ ಬಿನ್ನಹವನ್ನು ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನಮಗಿತ್ತಿದೆ. ಇದು ತಮಿಳಿನ ಮೇಲಿನ ದ್ವೇಷವಲ್ಲ. ನಮ್ಮ ನೆರೆಹೊರೆಯ ತಮಿಳು, ತೆಲುಗು ಬಂಧುಗಳಿಗೂ ಇದೇ ಹಕ್ಕು ಉಂಟು.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ತಮಿಳು ಲಿಪಿಯಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ. ನಮ್ಮ ಭೀಮಪ್ಪನು ಪಟ್ಟಾದಲ್ಲಿ ಪೀಮಪ್ಪನಾಗಿ, ಆಧಾರ್ ಚೀಟಿಯಲ್ಲಿ ಮತ್ತೊಂದಾಗಿ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದಾಗಿ ನಿಂತರೆ, ಒಬ್ಬನೇ ಮನುಷ್ಯನು ಮೂವರಾದಂತಾಗಿ ಹಣ ನಿಂತುಹೋಗಬಹುದು. ಪಟ್ಟಾ ಇನ್ನೂ ತಾತನ ಹೆಸರಿನಲ್ಲಿದ್ದರೆ ತೊಡಕು ಇಮ್ಮಡಿ. ಆದುದರಿಂದ ಅರ್ಜಿ ಹಾಕುವುದಕ್ಕೆ ಮುನ್ನವೇ ಗ್ರಾಮಾಡಳಿತಾಧಿಕಾರಿಯನ್ನೂ ತಾಲ್ಲೂಕು ಕಚೇರಿಯನ್ನೂ ಕಂಡು ಪಟ್ಟಾ ಬದಲಾವಣೆ ಮಾಡಿಸಿಕೊಳ್ಳಿರಿ, ಹೆಸರುಗಳನ್ನು ಸರಿಗೂಡಿಸಿಕೊಳ್ಳಿರಿ.

ಸಾಲ ತೀರಿದ ಮೇಲೆ ಪತ್ರಗಳನ್ನು ಬ್ಯಾಂಕಿನಲ್ಲಿಯೇ ಮರೆತು ಬರಬೇಡಿರಿ. 2023ರ ಡಿಸೆಂಬರ್ 1ರಿಂದ ಇರುವ ನಿಯಮದಂತೆ 30 ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಸಲ್ಲಬೇಕು.

ಬಂಧುಗಳೇ, ಪಟ್ಟಾ ಅಡವಿಟ್ಟು ಓದದೆ ಹಾಕಿದ ಒಂದು ರುಜುವಿನಿಂದ ಮೂರು ತಲೆಮಾರಿನ ನೆಲವೇ ಕೈಬಿಟ್ಟೀತು. ಪ್ರತಿಯೊಂದು ಊರಿನಲ್ಲಿಯೂ ಕನ್ನಡ, ತಮಿಳು ಎರಡನ್ನೂ ಓದಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ವಾರಕ್ಕೊಂದು ಸಂಜೆ ಅವರನ್ನು ಜಗಲಿಯ ಮೇಲೆ ಕುಳ್ಳಿರಿಸಿ, ಊರಿನವರ ಕಾಗದಗಳನ್ನು ಗಟ್ಟಿಯಾಗಿ ಓದಿಸಿರಿ. ಈ ಕೆಲಸವನ್ನು ಈ ವಾರವೇ ಆರಂಭಿಸಬೇಕೆಂದು ತಮ್ಮೆಲ್ಲರನ್ನೂ ಬೇಡಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.